ಮಹಡಿಗೆ ಹೋದ ತಪ್ಪು ಮನುಷ್ಯ

ಸೀರೆ ಅಂಗಡಿಗೆ ಹೋದವರೆಲ್ಲ ಇದನ್ನು ನೋಡಿದ್ದೀರಿ, ಆದರೆ ನೋಡಿದ್ದು ನೆನಪಿರುವುದಿಲ್ಲ. ಗಡ್ಡ ಬಿಟ್ಟ, ಹೊಟ್ಟೆ ಬಂದ, ಈಗಷ್ಟೇ ಮಂಡಕ್ಕಿ ಮಿರ್ಚಿ ತಿಂದು ಬಂದ ಗಂಡಸೊಬ್ಬ ಗಾದಿಯ ಮೇಲೆ ಎದ್ದು ನಿಲ್ಲುತ್ತಾನೆ. ಪ್ಯಾಂಟಿನ ಬೆಲ್ಟಿಗೆ ನೆರಿಗೆ ಸಿಕ್ಕಿಸಿಕೊಂಡು, ಸೆರಗನ್ನು ಎಡಹೆಗಲಿನಿಂದ ಇಳಿಬಿಟ್ಟು, ಕನ್ನಡಿಯ ಕಡೆ ಅರ್ಧ ತಿರುಗಿ, "ಮಡಚಿಟ್ಟಾಗ ಗೊತ್ತಾಗಲ್ಲ ಅಕ್ಕ, ಮೈಮೇಲೆ ಬಂದಾಗ ನೋಡಿ ಹೆಂಗಿದೆ" ಅನ್ನುತ್ತಾನೆ. ಎದುರಿಗೆ ಕುಳಿತ ಅತ್ತೆ, ನಾದಿನಿ, ಓರಗಿತ್ತಿಯರು ಅವನ ಗಡ್ಡ ನೋಡುವುದಿಲ್ಲ, ಅಂಚು ನೋಡುತ್ತಾರೆ. ಹಿಂದಿನ ಕುರ್ಚಿಯಲ್ಲಿ ಆಕಳಿಸುತ್ತ ಕುಳಿತ ಗಂಡಂದಿರೂ ನಗುವುದಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಗಂಡಸರು ಸೀರೆ ಉಡುತ್ತಾರೆ, ಬಿಚ್ಚುತ್ತಾರೆ, ಯಾರಿಗೂ ಏನೂ ಅನ್ನಿಸುವುದಿಲ್ಲ. ಯಾಕೆಂದರೆ ಅದು ವ್ಯಾಪಾರ.

ನಾನು ಕೆಲಸ ಮಾಡುವುದು ಅಂಥದ್ದೇ ಒಂದು ಅಂಗಡಿಯಲ್ಲಿ. ಸೀರೆಯ ಗಾದಿಯಲ್ಲಲ್ಲ, ಎದುರುಗಡೆ, ಗಂಡಸರ ಕೌಂಟರಿನಲ್ಲಿ. ಪಂಚೆ, ಶಲ್ಯ, ಶರ್ಟಿನ ಬಟ್ಟೆ. ಈಗಿನ ಮದುಮಗಂದಿರಿಗೆ ಎಲ್ಲ ಬರುತ್ತದೆ, ಪಂಚೆ ಉಡಲಿಕ್ಕೆ ಮಾತ್ರ ಬರುವುದಿಲ್ಲ. ಅವರನ್ನು ಕನ್ನಡಿಯ ಮುಂದೆ ನಿಲ್ಲಿಸಿ ಕಚ್ಚೆ ಹಾಕಿ ಉಡಿಸಿ ತೋರಿಸುವುದು ನನ್ನ ಕೆಲಸ. ಈ ಕೌಂಟರಿಗೆ ನನ್ನನ್ನು ಆರಿಸಿದ್ದು ನನ್ನ ಮೀಸೆ. ದೇಹದಲ್ಲಿ ಉಳಿದದ್ದೆಲ್ಲ ಕಡ್ಡಿ, ಮೀಸೆ ಮಾತ್ರ ಇನ್ಯಾರದೋ ದೊಡ್ಡ ಮನುಷ್ಯನದು ತಪ್ಪಿ ನನಗೆ ಬಂದ ಹಾಗಿದೆ. ಕೆಲಸಕ್ಕೆ ಸೇರಿದ ದಿನ ಯಜಮಾನರು ಅದನ್ನು ನೋಡಿ, "ಗಂಡಸ್ರ ಸೆಕ್ಷನ್ನಿಗೆ ಲಕ್ಷಣವಾಗಿದೆ" ಅಂದಿದ್ದರು.

ಅದರ ಜೊತೆಗೆ ನನಗೊಂದು ಚಟ ಇದೆ. ಕಂಡವರ ದನಿ ತೆಗೆಯುವುದು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವನಿಗೆ ಈ ಚಟ ಪುಕ್ಕಟೆ ಸಿಗುತ್ತದೆ. ಒಂದು ಗೋಡೆಯಾಚೆ ತಮಿಳು, ಇನ್ನೊಂದು ಗೋಡೆಯಾಚೆ ತೆಲುಗು, ನಲ್ಲಿಯ ಹತ್ತಿರ ನಮ್ಮ ಕನ್ನಡವೂ ಸೇರಿ ಮೂರೂ ಕಲಸಿದ ಜಗಳ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ನಾನು ಚೌಕಾಸಿ ಮಾಡುವ ಕ್ವಾರ್ಟರ್ಸಿನ ಅಕ್ಕನಾಗುತ್ತೇನೆ, ಬಸ್ಸಿನ ಕಂಡಕ್ಟರ್ ಆಗುತ್ತೇನೆ, ಮಾತಿಗೆ ಮುಂಚೆ ಕೆಮ್ಮುವ ನಮ್ಮ ಯಜಮಾನರೇ ಆಗುತ್ತೇನೆ. ಯಜಮಾನರು ತಮ್ಮ ಕೆಮ್ಮನ್ನು ನನ್ನ ಬಾಯಲ್ಲಿ ಕೇಳಿ, ನಕ್ಕು, ಆ ನಗುವಿನಿಂದ ನಿಜವಾಗಿ ಕೆಮ್ಮುತ್ತಾರೆ.

ಸೀರೆ ಗಾದಿಯ ರಾಜ ಇನ್ನೊಬ್ಬ. ನನಗಿಂತ ಸ್ವಲ್ಪ ದೊಡ್ಡವನು, ಆಲ್ಕೊಳದವನು. ನಾನು ಅಣ್ಣ ಅನ್ನುತ್ತೇನೆ. ಕೆಲಸ ಕಲಿಸಿದವನೂ ಅವನೇ. ನುಣ್ಣಗೆ ಶೇವ್ ಮಾಡಿದ ಮುಖ, ಮೆಲ್ಲಗಿನ ಮಾತು, ವರ್ಷಗಟ್ಟಲೆ ಬರಿಗಾಲಲ್ಲಿ ಗಾದಿಯ ಮೇಲೆ ಓಡಾಡಿ ಬೆಕ್ಕಿನಂತಾದ ನಡಿಗೆ. ಬೇರೆಯವರು ಸೀರೆ ಉಟ್ಟರೆ ಕಂಬಕ್ಕೆ ಬಟ್ಟೆ ಸುತ್ತಿದಂತಿರುತ್ತದೆ. ಅಣ್ಣ ಸೆರಗು ಬೀಸಿದರೆ ಕುಳಿತ ಹೆಂಗಸರು ಗೊತ್ತಿಲ್ಲದೆಯೇ ತಮ್ಮ ಸೆರಗು ಸರಿಮಾಡಿಕೊಳ್ಳುತ್ತಾರೆ. ಅವನಿಗೆ ಕೈಗುಣವಿದೆ ಎಂಬ ಮಾತೂ ಹಬ್ಬಿತ್ತು. ಮದುವೆಯ ಜವಳಿ ತೆಗೆಯಲು ಮನೆಮಂದಿಯೆಲ್ಲ ಬಂದಾಗ ಮೊದಲು ತೆಗೆಯುವುದು ಧಾರೆ ಸೀರೆ. ಅದನ್ನು ಅವನೇ ಬಿಡಿಸಿ ತೋರಿಸಬೇಕು, ಅವನ ಕೈಯಿಂದ ತೆಗೆದರೆ ಸಂಸಾರ ಚೆನ್ನಾಗಿರುತ್ತದೆ ಎಂದು ಕೇಳಿಕೊಂಡು ಬರುವವರಿದ್ದರು. ಆ ಅಣ್ಣನಿಗೇ ಈಗ ಮದುವೆ ಗೊತ್ತಾಗಿತ್ತು. ಹುಡುಗಿ ಮಲವಗೊಪ್ಪದವಳು. ಬರುವ ಶುಕ್ರವಾರ ಎರಡೂ ಕಡೆಯವರು ನಮ್ಮ ಅಂಗಡಿಯಲ್ಲೇ ಜವಳಿ ತೆಗೆಯುವುದೆಂದು ನಿಶ್ಚಯವಾಗಿತ್ತು.

ಆ ವಾರದ ಸೋಮವಾರ ನಾನು ಬರುವ ಹೊತ್ತಿಗೆ ಅಣ್ಣ ಗಾದಿಯ ಮೇಲಿರಲಿಲ್ಲ. ಬೇರೊಬ್ಬ ಸೇಲ್ಸ್‌ಮನ್ ಅಲ್ಲಿ ಕಂಬದಂತೆ ನಿಂತು ಸೀರೆ ಸುತ್ತಿಕೊಳ್ಳುತ್ತಿದ್ದ. ಅಣ್ಣನನ್ನು ಮಹಡಿಯ ಸ್ಟಾಕ್ ರೂಮಿಗೆ ಕಳಿಸಿದ್ದರು. ನಾನು ಏನಾಯಿತೆಂದು ಕೇಳುವ ಮೊದಲೇ ಯಜಮಾನರು ಕೈಸನ್ನೆ ಮಾಡಿ ಕ್ಯಾಶ್ ಟೇಬಲ್ಲಿನ ಹಿಂದಕ್ಕೆ ಕರೆದರು. ಕೆಮ್ಮಿದರು.

"ನಿನಗೆ ಒಂದು ಮಾತು ಹೇಳ್ತೀನಿ. ನೀನು ಅವನ ಜೊತೆ ಊಟಕ್ಕೆ, ಟೀಗೆ ಅಂತ ಓಡಾಡ್ತೀಯ. ಸ್ವಲ್ಪ ಹುಷಾರಾಗಿರು."

"ಯಾಕೆ, ಅಣ್ಣ ಕೈಸಾಲ ಕೇಳ್ತಾನಾ?"

"ತಮಾಷೆ ಬೇಡ ಮಾರಾಯ. ಅವನು ಆ ಟೈಪಂತೆ."

ವಿಷಯ ಇಷ್ಟು. ಭದ್ರಾವತಿಯ ಹಳೆಯ ಗಿರಾಕಿಯೊಬ್ಬರು ಫೋನ್ ಮಾಡಿದ್ದರು. ತಮ್ಮ ಮಕ್ಕಳ ಮದುವೆಯ ಜವಳಿಯನ್ನೆಲ್ಲ ನಮ್ಮಲ್ಲೇ ತೆಗೆದವರು, ಈಗ ಕಡೆಯ ಮಗಳದ್ದು ಬಾಕಿ. ಹಿಂದಿನ ದಿನ ಸಂಜೆ ವಾಕಿಂಗಿಗೆ ಹೊಳೆಯ ಕಡೆ ಹೋಗಿದ್ದಾಗ, ನಮ್ಮ ಅಂಗಡಿಯ ಯೂನಿಫಾರ್ಮ್ ಶರ್ಟ್ ಹಾಕಿದ ಹುಡುಗನೊಬ್ಬ ಇನ್ನೊಬ್ಬ ಹುಡುಗನ ಜೊತೆ ಮೆಟ್ಟಿಲ ಮೇಲೆ 'ಗಂಡ ಹೆಂಡ್ತಿ ಕೂತಂಗೆ' ಕೂತಿದ್ದನ್ನು ನೋಡಿದರಂತೆ. ಅಂಥವನ ಕೈಯಿಂದ ನನ್ನ ಮಗಳ ಧಾರೆ ಸೀರೆ ಮುಟ್ಟಿಸಬೇಡಿ ಎಂದರಂತೆ. ಧಾರೆ ಸೀರೆ ಎಂಬ ಮಾತು ಕಿವಿಗೆ ಬಿದ್ದದ್ದೇ ಯಜಮಾನರ ತಲೆಯೊಳಗೆ ಅಣ್ಣನ ಮುಖ ಬಂದಿದೆ. ಮೆಲ್ಲಗಿನ ಮಾತು, ಬೆಕ್ಕಿನ ನಡಿಗೆ, ಅಷ್ಟು ಚಂದ ಸೀರೆ ಉಡುತ್ತಾನೆ. ಇನ್ನೇನು ಬೇಕು?

"ನನಗೂ ಬೇಜಾರೇ" ಅಂದರು ಯಜಮಾನರು. "ಒಳ್ಳೆ ಹುಡುಗ. ಕೆಲಸ ತೆಗೆದು ಮನೆಗೆ ಕಳಿಸೋದು ನನ್ನ ಮನಸ್ಸಿಗೆ ಬರಲ್ಲ. ಅದಕ್ಕೇ ಮೇಲೆ ಇರು ಅಂದಿದೀನಿ. ಕಾರಣ ಹೇಳ್ಲಿಲ್ಲ. ಹೇಳಕ್ಕೆ ನನ್ಗೇ ನಾಚಿಕೆ ಆಗುತ್ತೆ."

ನಾನು ಅವರ ಹಣೆಯ ವಿಭೂತಿಯನ್ನೇ ನೋಡುತ್ತ ನಿಂತೆ. ಯಾಕೆಂದರೆ ಭಾನುವಾರ ಸಂಜೆ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದವನು ನಾನು.

ಅಂಗಡಿಗೆ ರಜೆ, ನನ್ನ ಬೇರೆ ಶರ್ಟುಗಳು ಒಣಗಿರಲಿಲ್ಲ, ಯೂನಿಫಾರ್ಮನ್ನೇ ಹಾಕಿಕೊಂಡು ಹೋಗಿದ್ದೆ. ನನ್ನ ಜೊತೆ ಇದ್ದವನು ಭದ್ರಾವತಿಯಲ್ಲೇ ಲೇತ್ ಮಿಷನ್ನಿನ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಾನೆ. ನಾವಿಬ್ಬರೂ ಕಡಲೆಕಾಯಿ ತಿನ್ನುತ್ತಿದ್ದೆವು. ನನ್ನ ಮೀಸೆಗೆ ಅಂಟಿದ ಸಿಪ್ಪೆಯನ್ನು ಅವನು ತೆಗೆದ. ತೆಗೆದ ಕೈ ವಾಪಸು ಹೋಗಲು ಸ್ವಲ್ಪ ತಡಮಾಡಿತು. ನಾನು ಆ ಕೈಗೆ ಒಂದು ಮುತ್ತು ಕೊಟ್ಟೆ. ಅಷ್ಟೇ. ನಮ್ಮ ಕಡೆ ಗಂಡಸರು ಕೈ ಕೈ ಹಿಡಿದು ಬಸ್‌ಸ್ಟ್ಯಾಂಡ್ ಸುತ್ತಿದರೂ, ಒಂದೇ ಬೈಕಿನಲ್ಲಿ ತಬ್ಬಿಕೊಂಡು ಮೂವರು ಹೋದರೂ ಯಾರೂ ಫೋನ್ ಮಾಡಿ ತಿಳಿಸುವುದಿಲ್ಲ. ಆ ಒಂದು ಮುತ್ತು ಅಷ್ಟು ದೂರದಿಂದ ಹೇಗೆ ಕಂಡಿತೋ, ಆ ಹಿರಿಯರ ಕಣ್ಣಿಗೆ ನಮಸ್ಕಾರ.

ಪೇಪರಿನಲ್ಲಿ ನಮ್ಮಂಥವರಿಗೆ ಒಂದು ಪದವಿದೆ. ಐದಾರು ಅಕ್ಷರದ ಸಂಸ್ಕೃತ ಪದ. ಓದಿದಾಗಲೆಲ್ಲ ಯಾವುದೋ ಚರ್ಮರೋಗದ ಹೆಸರನ್ನು ಓದಿದ ಹಾಗಾಗುತ್ತದೆ, ಮುಲಾಮು ಎಲ್ಲಿ ಸಿಗುತ್ತದೆ ಎಂದು ಕೇಳುವಂತಾಗುತ್ತದೆ. ಬಜಾರಿನಲ್ಲಿ 'ಆ ಟೈಪು' ಅನ್ನುತ್ತಾರೆ. ಇದು ಎಷ್ಟೋ ವಾಸಿ, ಕನಿಷ್ಠ ಉಚ್ಚಾರಕ್ಕೆ ಸುಲಭ. ಮನೆಯಲ್ಲಿ ಅಮ್ಮ ಯಾವ ಪದವನ್ನೂ ಬಳಸಿಲ್ಲ. ಅವಳಿಗೆ ಗೊತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅವನು ಮನೆಗೆ ಬಂದ ದಿನ ದೋಸೆ ಹಿಟ್ಟು ಜಾಸ್ತಿ ರುಬ್ಬುತ್ತಾಳೆ, ಅಷ್ಟು ಗೊತ್ತು.

ಟೀ ಕೊಡುವ ನೆಪದಲ್ಲಿ ಮಹಡಿ ಹತ್ತಿದೆ. ಅಣ್ಣ ರಟ್ಟಿನ ಪೆಟ್ಟಿಗೆಗಳ ನಡುವೆ ಕುಳಿತಿದ್ದ. ಒಂದು ಸೀರೆಯನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡುತ್ತಿದ್ದ.

"ಯಾವ ಸೀರೆಗೆ ಏನು ಮಾಡಿಬಿಟ್ಟೆ ನಾನು?" ಅಂದ. "ಜರಿ ಎಳೆ ಕಿತ್ತಿದ್ನಾ? ಕಲೆ ಆಯ್ತಾ? ಹೇಳಿದ್ರೆ ತಿದ್ಕೊಳ್ತೀನಿ. ಹೇಳದೇ ಮೇಲೆ ಹತ್ಸಿದ್ರೆ ಎಂತ ಅಂತ ತಿಳ್ಕೊಳೋದು? ಶುಕ್ರವಾರ ಅವರೆಲ್ಲ ಬರ್ತಾರೆ. ಅಳಿಯ ಸೀರೆ ಗಾದಿ ಮೇಲಿರ್ತಾನೆ ಅಂತ ಊರೆಲ್ಲ ಹೇಳ್ಕೊಂಡಿದಾರೆ ಮಾವ. ಯಾಕಪ್ಪ ಮೇಲಿದೀಯ ಅಂತ ಕೇಳಿದ್ರೆ?"

"ನೀನು ಏನೂ ಮಾಡಿಲ್ಲಣ್ಣ. ಮಾಡಿದ್ದು ನಾನು."

"ಏನು ಮಾಡ್ದೆ?"

ಲೋಕದ ಎಲ್ಲರ ದನಿಯಲ್ಲಿ ಮಾತಾಡಿದವನಿಗೆ ಈ ಒಂದು ವಾಕ್ಯ ಯಾವ ದನಿಯಲ್ಲೂ ಅಭ್ಯಾಸವಾಗಿರಲಿಲ್ಲ.

"ನಾನು ಹುಡುಗರನ್ನ ಇಷ್ಟಪಡ್ತೀನಿ ಅಣ್ಣ."

"ಯಾವ ಹುಡುಗರನ್ನ?"

"ಎಲ್ಲರನ್ನೂ ಅಲ್ಲ. ಒಬ್ಬನ್ನ."

ಅವನು ಸೀರೆಯನ್ನು ಕೆಳಗಿಟ್ಟ. "ನನ್ನನ್ನಲ್ಲ ತಾನೆ?"

"ಥೂ! ನಿನಗೆ ಆ ಹುಡುಗಿ ಒಪ್ಪಿದ್ದೇ ಹೆಚ್ಚು, ನಾನು ಬೇರೆ ಒಪ್ಪಬೇಕಾ?"

ಅಣ್ಣ ನಗಲಿಲ್ಲ. ಹೊಳೆ, ಶರ್ಟು, ಫೋನು, ಧಾರೆ ಸೀರೆ ಎಲ್ಲವನ್ನೂ ಹೇಳಿದೆ. ಕೇಳುತ್ತ ಕೇಳುತ್ತ ಅವನ ಮುಖ ಕೆಂಪಗಾಯಿತು. ಕಡೆಗೆ ಬಂದ ಸಿಟ್ಟು ಯಾವುದರ ಮೇಲೆ ಗೊತ್ತೇ?

"ಒಂದು ಶರ್ಟ್ ಮುಂಚೆನೇ ಒಗೆದು ಹಾಕ್ಲಿಕ್ಕೆ ಎಂತ ರೋಗ ನಿಂಗೆ? ಭಾನುವಾರನೂ ಯೂನಿಫಾರ್ಮ್ ಹಾಕ್ತಾರಾ ಯಾರಾದ್ರೂ?"

ಟೀ ಆರಿ ಹೋಯಿತು. ಅದನ್ನೇ ಕುಡಿದ. ಆಮೇಲೆ ಮೆಲ್ಲಗೆ, ನನ್ನ ಮುಖ ನೋಡದೆ, "ನೀನು ಯಾರಿಗೂ ಹೇಳ್ಬೇಡ" ಅಂದ. "ನನಗೇನು, ಮದುವೆ ಆಗ್ತಿದೀನಿ, ಜನರ ಬಾಯಿ ಅದ್ರಲ್ಲೇ ಮುಚ್ಚುತ್ತೆ. ಶುಕ್ರವಾರ ಕೇಳಿದ್ರೆ ಸ್ಟಾಕಿಗೆ ಇನ್‌ಚಾರ್ಜ್ ಮಾಡಿದಾರೆ, ಪ್ರಮೋಷನ್ನು ಅಂತೀನಿ. ನಿನಗೆ ಹೇಳ್ಕೊಳಕ್ಕೆ ಮದುವೆನೂ ಇಲ್ಲ."

ಅಂಥ ಮಾತು ಕೇಳಿದ ಮೇಲೆ ಸುಮ್ಮನಿರುವುದು ಹೇಗೆ? ಅವತ್ತೇ ಮಧ್ಯಾಹ್ನ ಯಜಮಾನರ ಮುಂದೆ ನಿಂತೆ.

"ಯಜಮಾನ್ರೇ, ಹೊಳೆ ಹತ್ರ ಇದ್ದೋನು ಅಣ್ಣ ಅಲ್ಲ. ನಾನು."

ಅವರು ನನ್ನನ್ನು ನೋಡಿದರು. ಹೊಟ್ಟೆ ಅಲುಗಿತು. ನಗು ಬಂತು, ನಗುವಿನ ಹಿಂದೆ ಕೆಮ್ಮು ಬಂತು.

"ಯಾರ ದನಿ ಇದು? ಹೊಸದಾ?"

"ನನ್ನದೇ."

"ಚೆನ್ನಾಗಿಲ್ಲ. ಆ ಕಂಡಕ್ಟರಿಂದು ಮಾಡು."

ನಾನು ಮತ್ತೆ ಹೇಳಿದೆ. ಅವರು ಮತ್ತೆ ನಕ್ಕರು. ಮೂರನೆಯ ಸಲ ನಗು ನಿಲ್ಲಿಸಿ, ನನ್ನ ಹೆಗಲ ಮೇಲೆ ಕೈಯಿಟ್ಟು, "ಸ್ನೇಹಿತನಿಗೋಸ್ಕರ ಇಷ್ಟು ಮಾಡ್ತೀಯಲ್ಲ, ಒಳ್ಳೆ ಬುದ್ಧಿ. ಆದ್ರೆ ಇಂಥ ಮಾತನ್ನ ಮೀಸೆ ಇರೋ ಗಂಡಸು ತಮಾಷೆಗೂ ಆಡಬಾರದು" ಅಂದರು. ಜೀವಮಾನದಲ್ಲಿ ಮೊದಲ ಸಲ ಸ್ವಂತ ಮಾತು ಆಡಿದೆ, ಅದು ಕೆಟ್ಟ ಮಿಮಿಕ್ರಿ ಅನ್ನಿಸಿಕೊಂಡಿತು. ಕಸುಬಿಗೆ ತಕ್ಕ ಶಾಸ್ತಿ.

ಸಂಜೆ ಭದ್ರಾವತಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು, ಹೊಳೆಯ ಮೆಟ್ಟಿಲ ಮೇಲೆ ಜೊತೆಗಿದ್ದವನಿಗೆ ಫೋನ್ ಮಾಡಿದೆ. ಅವನ ಮನೆಮಾತು ತಮಿಳು, ನನ್ನ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ ಅಲ್ಲದ ಏನೋ.

"ಏ, ನೀ ಯಾಕೆ ಹೇಳಕ್ಕೆ ಹೋದೆ? ಕೆಲ್ಸ ಹೋದ್ರೆ ಯಾರ್ ಕೊಡ್ತಾರೆ?"

"ಹೋಗಲಿಲ್ಲ ಮಾರಾಯ. ನಂಬಲೇ ಇಲ್ಲ."

"ನಂಬಲಿಲ್ವಾ?" ಅವನಿಗೆ ಇದು ಇನ್ನೂ ದೊಡ್ಡ ಅವಮಾನ ಅನ್ನಿಸಿದಂತಿತ್ತು. "ನಾನು ಬಂದು ಹೇಳ್ಬೇಕಾ?"

"ನೀನು ಬಂದ್ರೆ ಅವರು ನಿಂಗೊಂದು ಪಂಚೆ ಮಾರಿ ಕಳಿಸ್ತಾರೆ."

ಬಸ್ಸು ಮಲವಗೊಪ್ಪ ದಾಟುತ್ತಿತ್ತು. ಅಣ್ಣನ ಹುಡುಗಿಯ ಮನೆ ಎಲ್ಲೋ ಇಲ್ಲೇ ಒಳಗೆ. ಆ ಮನೆಯಲ್ಲಿ ಈಗ ಶುಕ್ರವಾರಕ್ಕೆ ಯಾರು ಯಾರು ಹೊರಡಬೇಕು, ಯಾವ ಬಣ್ಣ ಯಾರಿಗೆ ಎಂಬ ಮಾತು ನಡೆದಿರಬೇಕು. ಫೋನಿನಲ್ಲಿ ಅವನೇ ಅಂದ: "ಆ ಮನುಷ್ಯ ನೋಡಿದಾರಲ್ಲ. ಅವ್ರನ್ನೇ ಕೇಳಕ್ಕೆ ಹೇಳು. ಮುಖ ಮರ್ತಿರ್ಬೋದು. ನಿನ್ ಮೀಸೆ ಮರೆಯಕ್ಕೆ ಆಗುತ್ತಾ?"

ಮಂಗಳವಾರ ಬೆಳಿಗ್ಗೆ ಯಜಮಾನರು ದೀಪ ಹಚ್ಚಿ, ಊದುಬತ್ತಿ ಬೆಳಗಿ ಕುಳಿತ ಕೂಡಲೇ ಹೋಗಿ ನಿಂತೆ. "ಒಂದೇ ಒಂದು ಪ್ರಶ್ನೆ ಕೇಳಿ ಯಜಮಾನ್ರೇ ಅವರನ್ನ. ಮೀಸೆ ಇತ್ತಾ ಅಂತ. ಇಲ್ಲ ಅಂದ್ರೆ ನಾನು ಇನ್ನು ಬಾಯಿ ಬಿಡಲ್ಲ."

ನಾನು ಬಾಯಿ ಬಿಡುವುದಿಲ್ಲ ಎಂಬ ಆಸೆಗೋ ಏನೋ, ಅವರು ಫೋನ್ ಹಚ್ಚಿದರು. ಅವರ ಕಿವಿ ಸ್ವಲ್ಪ ಮಂದ, ಯಾವಾಗಲೂ ಸ್ಪೀಕರಿನಲ್ಲೇ ಇಡುವುದು. ಕ್ಷೇಮ ಸಮಾಚಾರ ಆಯಿತು, ಅಡಿಕೆ ಧಾರಣೆ ಆಯಿತು. ಆಮೇಲೆ ದನಿ ತಗ್ಗಿಸಿ ಕೇಳಿದರು.

"ಮೀಸೆನಾ?" ಅತ್ತಲಿನ ದನಿ ಇಡೀ ಅಂಗಡಿಗೆ ಕೇಳಿಸಿತು. "ಎಂಥಾ ಮೀಸೆ ಅಂತೀರಿ! ದೇವಸ್ಥಾನದ ಬಾಗ್ಲಲ್ಲಿ ದ್ವಾರಪಾಲಕರು ಇರ್ತಾರಲ್ಲ, ಹಂಗೆ. ಅದಕ್ಕೇ ನಂಗೆ ಆಶ್ಚರ್ಯ ಆಗಿದ್ದು ಸ್ವಾಮಿ."

ಯಜಮಾನರು ಫೋನ್ ಕೆಳಗಿಟ್ಟರು. ಅಣ್ಣನದು ನುಣ್ಣನೆಯ ಮುಖ. ಅಂಗಡಿಯಲ್ಲಿ ದ್ವಾರಪಾಲಕರ ಮೀಸೆ ಇರುವುದು ಒಂದೇ. ಅವರು ಅದನ್ನು ಬಹಳ ಹೊತ್ತು ನೋಡಿದರು, ನನ್ನನ್ನು ಕೆಲಸಕ್ಕೆ ತೆಗೆದುಕೊಂಡ ದಿನ ನೋಡಿದ್ದಕ್ಕಿಂತ ಹೆಚ್ಚು ಹೊತ್ತು.

"ನಿನ್ನೆ ಹೇಳಿದ್ದು ನಿಜವಾಗ್ಲೂ ನಿನ್ನ ದನಿನಾ?"

"ಹೌದು."

"ಮದುಮಗಂದಿರಿಗೆ ಪಂಚೆ ಉಡಿಸ್ತಿದ್ದೋನು ನೀನು."

"ಹೌದು."

"ಸೊಂಟಕ್ಕೆ ಕೈ ಹಾಕಿ."

"ಪಂಚೆನ ಕುತ್ತಿಗೆಗೆ ಉಡಿಸಕ್ಕಾಗಲ್ಲ ಯಜಮಾನ್ರೇ."

ಅವರು ನಗಲಿಲ್ಲ. ನಾನೂ ನಗಲಿಲ್ಲ. ಆದರೂ ರಾತ್ರಿಯಿಡೀ ತಲೆಯಲ್ಲಿ ಓಡಿದ್ದನ್ನು ಹೇಳಿಬಿಟ್ಟೆ. "ಅಣ್ಣನಿಗೆ ಹೆಂಗಸರು ಇಷ್ಟ. ಅದಕ್ಕೇ ಮದುವೆ ಆಗ್ತಿದಾನೆ. ಇಷ್ಟು ವರ್ಷ ಹೆಂಗಸರ ಮುಂದೇನೇ ನಿಂತು ಸೀರೆ ತೋರಿಸಿದಾನೆ. ಅದಕ್ಕೆ ಯಾರಾದ್ರೂ ಹೆದರಿದಾರಾ? ಗಾದಿ ಮೇಲೆ ಅವನು ಸೀರೆ ನೋಡ್ತಾನೆ, ಹೆಂಗಸರನ್ನ ನೋಡಲ್ಲ ಅಂತ ಎಲ್ಲರಿಗೂ ಗೊತ್ತು. ನಾನೂ ಅಷ್ಟೇ. ಕೌಂಟರಲ್ಲಿ ಪಂಚೆ ನೋಡ್ತೀನಿ."

ಯಜಮಾನರು ನೀರು ಕುಡಿದರು. "ಮಾತಿಗೆ ನೀನು ಸರಿ" ಅಂದರು. "ನಿನ್ನ ಜೊತೆ ಮಾತಲ್ಲಿ ಗೆಲ್ಲೋಕೆ ಯಾರಿಗಾಗುತ್ತೆ? ಆದ್ರೆ ಜವಳಿಗೆ ಬರೋರು ಮಾತು ಕೇಳಿ ಬರಲ್ಲ, ನಂಬಿಕೆ ಮೇಲೆ ಬರ್ತಾರೆ. ಅಪ್ಪನ ಕಾಲದಿಂದ ಬರ್ತಿದಾರೆ. ಅವನನ್ನ ಕೆಳಗೆ ಕಳ್ಸು. ನೀನು ಮೇಲೆ ಇರು. ಮುಂದೆ ನೋಡಣ."

ಹೀಗೆ ತಪ್ಪು ಸರಿಹೋಯಿತು. ಮಹಡಿಗೆ ಹೋದ ತಪ್ಪು ಮನುಷ್ಯ ಇಳಿದ, ಸರಿಯಾದ ಮನುಷ್ಯ ಹತ್ತಿದ. ಯಜಮಾನರ ಲೆಕ್ಕದಲ್ಲಿ ಆಗಿದ್ದ ತಪ್ಪು ಇಷ್ಟೇ, ಮನುಷ್ಯ ಬೇರೆಯಾಗಿದ್ದ. ಮಹಡಿಯೇ ತಪ್ಪಿರಬಹುದು ಎಂಬುದು ಅವರಿಗೆ ಹೊಳೆಯಲಿಲ್ಲ. ಅವರನ್ನು ಬಯ್ಯಲು ನನ್ನಿಂದಾಗುವುದಿಲ್ಲ. ಕಾರಣ ಹೇಳಲು ನಾಚಿಕೊಂಡವರು ಅವರು, ನಾಚಿಕೆ ಇಲ್ಲದೆ ಹೊರಗೆ ದಬ್ಬುವವರೂ ಇದ್ದಾರೆ. ಆದರೆ ನಾಚಿಕೊಂಡು ಮುಚ್ಚಿದ ಬಾಗಿಲೂ ಬಾಗಿಲೇ. ಮಹಡಿಯಲ್ಲಿ ಕುಳಿತು ಯೋಚಿಸಲು ಬೇಕಾದಷ್ಟು ಸಮಯವಿತ್ತು. ನಮ್ಮಂಥವರನ್ನು ಪೊಲೀಸರು ಹಿಡಿಯುವ ಹಾಗಿಲ್ಲ ಎಂದು ಕಾನೂನು ಬದಲಾದದ್ದು ನನಗೆ ಗೊತ್ತು. ಆವತ್ತು ನಾವಿಬ್ಬರೂ ಬೇಕರಿಯಲ್ಲಿ ದಿಲ್‌ಪಸಂದ್ ತಿಂದಿದ್ದೆವು. ಮಹಡಿಗೆ ಹತ್ತಿಸುವ ಹಾಗಿಲ್ಲ ಎಂದು ಯಾರಾದರೂ ಎಲ್ಲಾದರೂ ಹೇಳಿದ್ದು ನನ್ನ ಕಿವಿಗಂತೂ ಬಿದ್ದಿಲ್ಲ. ಸಂಬಳ ಕಡಿಮೆಯಾಗಲಿಲ್ಲ, ಯಾರೂ ಬಯ್ಯಲಿಲ್ಲ. ಮೆಟ್ಟಿಲ ಬಾಯಲ್ಲಿ ನಿಂತರೆ ಕೆಳಗಿನ ನಗು ಕೇಳುತ್ತದೆ, ಇಳಿದು ಸೇರುವ ಹಾಗಿಲ್ಲ, ಅಷ್ಟೇ. ಇದನ್ನು ಯಾರ ಹತ್ತಿರ ದೂರು ಕೊಡುವುದು, ಏನೆಂದು ಕೊಡುವುದು? ಪೆಟ್ಟಿಗೆಗಳ ಮುಂದೆ ಕಂಡಕ್ಟರನ ದನಿ ತೆಗೆದು, "ಮುಂದಕ್ಕೆ ಹೋಗ್ರೀ, ಒಳಗೆ ಜಾಗ ಇದೆ" ಅಂದೆ. ಪೆಟ್ಟಿಗೆಗಳು ಕದಲಲಿಲ್ಲ.

ಅಣ್ಣನಿಗೆ ಗಾದಿ ವಾಪಸು ಸಿಕ್ಕಿತ್ತು. ಆದರೆ ಊಟದ ಡಬ್ಬಿ ತೆಗೆದುಕೊಂಡು ಅವನು ಮೇಲೆಯೇ ಬರುತ್ತಿದ್ದ. ಮಾತು ಕಡಿಮೆ. ಒಮ್ಮೆ ಮಾತ್ರ, "ಕೆಳಗೆ ನಿಂತ್ರೆ ನೀನು ಬಿಟ್ಟುಕೊಟ್ಟ ಜಾಗದಲ್ಲಿ ನಿಂತಂಗೆ ಆಗುತ್ತೆ ಮಾರಾಯ" ಅಂದ. "ನಿನ್ನ ಜಾಗ ನಿಂದೇ. ಹೋಗಿದ್ದು ನಂದು" ಅಂದೆ. ಅವನು ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತ ಕುಳಿತ.

ಶುಕ್ರವಾರ ಬಂತು. ಹತ್ತೂವರೆಗೆ ರಾಹುಕಾಲ ಶುರು, ಅಷ್ಟರೊಳಗೆ ಮದುಮಗಳ ಧಾರೆ ಸೀರೆ, ಮದುಮಗನ ಪಂಚೆ ಎರಡೂ ತೆಗೆದು ಅರಿಶಿನ ಕುಂಕುಮ ಹಚ್ಚಿ ಇಡಬೇಕು. ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೇ ಎರಡೂ ಕಡೆಯವರು ಬಂದಿಳಿದರು. ನಾನು ಮೇಲಿನ ಮೆಟ್ಟಿಲ ಮೇಲೆ ಕುಳಿತು ಕಂಬಿಗಳ ಸಂದಿಯಿಂದ ನೋಡಿದೆ. ಅಣ್ಣ ತನ್ನದೇ ಹುಡುಗಿಯ ಮುಂದೆ, ತನ್ನದೇ ಮದುವೆಯ ಸೀರೆಯನ್ನು ತಾನೇ ಉಟ್ಟು ನಿಂತ. ಮಲವಗೊಪ್ಪದ ಹೆಂಗಸರು ಬಾಯಿ ಮುಚ್ಚಿ ನಕ್ಕರು. ಹುಡುಗಿ ಮಾತ್ರ ನಗದೆ, "ಸೆರಗು ಇನ್ನೊಂಚೂರು ಉದ್ದ ಬಿಡಿ" ಅಂದಳು. ಸಂಸಾರ ಚೆನ್ನಾಗಿರುತ್ತದೆ ಅನ್ನಿಸಿತು.

ಆಮೇಲೆ ಮದುಮಗನ ಪಂಚೆ. ಗಂಡಸರ ಕೌಂಟರಿನಲ್ಲಿ ಆ ವಾರವೆಲ್ಲ ಯಜಮಾನರೇ ನಿಂತಿದ್ದರು. ಅಣ್ಣನನ್ನು ಕನ್ನಡಿಯ ಮುಂದೆ ನಿಲ್ಲಿಸಿ ಪಂಚೆ ಹಿಡಿದರು. ಅವರು ಬಟ್ಟೆ ಅಳೆಯುವುದರಲ್ಲಿ ಹುಲಿ, ಕಚ್ಚೆ ಹಾಕುವುದರಲ್ಲಿ ಕೂಸು. ಒಂದು ಕಡೆ ಎತ್ತಿದರೆ ಇನ್ನೊಂದು ಕಡೆ ಇಳಿಯಿತು. ಹುಡುಗಿಯ ಅಜ್ಜಿ ಗಡಿಯಾರ ನೋಡಿದರು.

"ಅವನನ್ನ ಕರೀರಿ ಯಜಮಾನ್ರೇ" ಅಂದ ಅಣ್ಣ.

"ಇರು, ಆಯ್ತು."

"ಆಗಿಲ್ಲ. ನನ್ನ ಮದುವೆ ಪಂಚೆ ಅವನೇ ಉಡಿಸ್ಬೇಕು."

ಯಜಮಾನರು ದನಿ ತಗ್ಗಿಸಿದರು. ಕಿವಿ ಮಂದ ಇರುವವರು ದನಿ ತಗ್ಗಿಸಿದರೆ ಎಷ್ಟು ತಗ್ಗುತ್ತದೆ? ನನಗೆ ಮಹಡಿಗೇ ಕೇಳಿಸಿತು. "ಅವನ ವಿಷ್ಯ ಗೊತ್ತಲ್ಲೋ ನಿಂಗೆ."

"ಗೊತ್ತು. ನಿಮಗಿಂತ ಮುಂಚೆ ಗೊತ್ತಾಯ್ತು." ಅಣ್ಣನ ಮೆಲ್ಲಗಿನ ದನಿಯಲ್ಲಿ ಅಂಥ ಗಟ್ಟಿಯಿದೆ ಎಂದು ನನಗೆ ತಿಳಿದಿರಲಿಲ್ಲ. ಅವನ ದನಿ ತೆಗೆಯಲು ನಾನು ಯಾವತ್ತೂ ಪ್ರಯತ್ನಪಟ್ಟಿಲ್ಲ, ಸಿಗುವುದೂ ಇಲ್ಲ. "ನಾನು ಮೇಲಿದ್ದಾಗ ಇಳಿಸಿದ್ದು ಅವನು. ಅವನು ಉಡಿಸ್ದೇ ಇದ್ರೆ ಪಂಚೆ ಬೇರೆ ಅಂಗಡೀಲಿ ತಗೊಳ್ತೀನಿ. ಬೇಗ ಕರೀರಿ, ರಾಹುಕಾಲ ಬರುತ್ತೆ."

ತನ್ನದೇ ಅಂಗಡಿಯ ಸೇಲ್ಸ್‌ಮನ್ ಬೇರೆ ಅಂಗಡಿಯಲ್ಲಿ ಮದುವೆ ಪಂಚೆ ತೆಗೆಯುವುದೇ? ಗಾಂಧಿ ಬಜಾರಿನಲ್ಲಿ ತಲೆ ಎತ್ತಿ ಓಡಾಡುವ ಹಾಗಿರುತ್ತದೆಯೇ? ಯಜಮಾನರು ಮೆಟ್ಟಿಲ ಬುಡಕ್ಕೆ ಬಂದು ಕೆಮ್ಮಿದರು. "ಏ, ಇಳಿದು ಬಾ ಮಾರಾಯ."

ಇಳಿದೆ. ಪಂಚೆ ಬಿಚ್ಚಿ ಕೊಡವಿ, ಅಣ್ಣನ ಸೊಂಟಕ್ಕೆ ಸುತ್ತಿ, ನೆರಿಗೆ ಹಿಡಿದು, ಕಚ್ಚೆ ಬಿಗಿದು, ಶಲ್ಯ ಹೊದಿಸಿದೆ. ಕೈ ಎಂದಿನ ಹಾಗೆಯೇ ಓಡಿತು. ಅಣ್ಣ ಕನ್ನಡಿಯಲ್ಲಿ ತನ್ನನ್ನು ನೋಡದೆ ನನ್ನನ್ನು ನೋಡುತ್ತಿದ್ದ. "ಅಳಬೇಡ" ಎಂದು ಪಿಸುಗುಟ್ಟಿದೆ, "ಪಂಚೆ ಮೇಲೆ ಬಿದ್ರೆ ನೀನೇ ಕೊಂಡ್ಕೋಬೇಕಾಗುತ್ತೆ." "ಕೊಂಡ್ಕೊಳಕ್ಕೇ ಬಂದಿರೋದು ಬಡ್ಡಿಮಗನೆ" ಅಂದ.

ಅಜ್ಜಿ ಸಮಾಧಾನವಾಗಿ ತಲೆದೂಗಿದರು. "ಚಂದ ಉಡಿಸ್ತೀಯಪ್ಪ. ನಿಂದ್ಯಾವಾಗ ಮದುವೆ?"

ಯಜಮಾನರ ಕೆಮ್ಮು ಅರ್ಧಕ್ಕೆ ನಿಂತಿತು. ನನಗೆ ನೂರು ದನಿ ಹೊಳೆದವು, ಒಂದನ್ನೂ ತೆಗೆಯಲಿಲ್ಲ.

"ನನಗೆ ಮದುವೆ ಮಾಡಿಸೋ ಪುರೋಹಿತರು ಇನ್ನೂ ನಮ್ಮೂರಲ್ಲಿ ಸಿಕ್ಕಿಲ್ಲ ಅಜ್ಜಿ."

"ಸಿಗ್ತಾರೆ ಬಿಡು" ಅಂದರು ಅಜ್ಜಿ, ಏನು ತಿಳಿದು ಹೇಳಿದರೋ ಅವರಿಗೇ ಗೊತ್ತು. ಕುಂಕುಮದ ಬಟ್ಟಲು ತೆಗೆದರು.

ಅವರೆಲ್ಲ ಊಟಕ್ಕೆ ಹೋದ ಮೇಲೆ ನಾನು ಕೌಂಟರಿನ ಹತ್ತಿರವೇ ನಿಂತಿದ್ದೆ. "ಯಜಮಾನ್ರೇ, ಈಗ ನಾನು ಮೇಲೆ ಹೋಗ್ಬೇಕಾ, ಇಲ್ಲೇ ಇರ್ಬೇಕಾ?"

ಅವರು ತಾವು ಕೆಡಿಸಿದ ಪಂಚೆಯನ್ನು ಮಡಚಲು ನೋಡುತ್ತಿದ್ದರು, ಅದೂ ಸರಿಯಾಗಿ ಆಗುತ್ತಿರಲಿಲ್ಲ. ಅಷ್ಟರಲ್ಲಿ ಒಬ್ಬ ಅಪ್ಪ ಮಗ ಒಳಗೆ ಬಂದರು. ಮಗನಿಗೆ ನಿಶ್ಚಿತಾರ್ಥ, ಪಂಚೆ ಬೇಕು. ಯಜಮಾನರು ಹುಡುಗನನ್ನು ನೋಡಿದರು, ನನ್ನನ್ನು ನೋಡಿದರು, ಮೆಟ್ಟಿಲು ನೋಡಿದರು.

"ಏನ್ ನಿಂತಿದೀಯ? ತೋರ್ಸು."

ತೋರಿಸಿದೆ. ಅವರು ಅಲ್ಲೇ ಪಕ್ಕದಲ್ಲಿ, ನನ್ನ ಎರಡು ಕೈಗಳ ಮೇಲೆ ಕಣ್ಣಿಟ್ಟು ನಿಂತಿದ್ದರು. ಅವರ ಕಣ್ಣು ನನ್ನ ಕೈಮೇಲೆ ಇರುವೆ ಹರಿದಂತೆ ಹರಿಯುತ್ತಿತ್ತು. ಸುಮ್ಮನೆ ನಿಂತು ನೋಡುವ ಬದಲು ಕೆಲಸವಾದರೂ ಆಗಲಿ ಎಂದು, "ಯಜಮಾನ್ರೇ, ಈ ತುದಿ ಸ್ವಲ್ಪ ಹಿಡ್ಕೊಳಿ" ಅಂದೆ. ಹಿಡಿದುಕೊಂಡರು. ನಾನು ನೆರಿಗೆ ಹಾಕಿ ಮುಗಿಸುವವರೆಗೂ ಹಿಡಿದುಕೊಂಡೇ ಇದ್ದರು.

ಮಾರನೆಯ ದಿನವೂ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಕೌಂಟರಿನಲ್ಲೇ ನಿಂತೆ.

ಕೆಲವು ವಾರ ಕಳೆದ ಮೇಲೆ, ಗಿರಾಕಿ ಇಲ್ಲದ ಒಂದು ಮಧ್ಯಾಹ್ನ, ಯಜಮಾನರು ಕಿತ್ತಳೆ ಸುಲಿಯುತ್ತ ನನ್ನನ್ನು ಕರೆದರು. ಭದ್ರಾವತಿಯ ಆ ಹಳೆಯ ಗಿರಾಕಿ ಕಡೆಯ ಮಗಳ ಜವಳಿಯನ್ನು ಬೇರೆ ಅಂಗಡಿಯಲ್ಲಿ ತೆಗೆದರಂತೆ. ಫೋನ್ ಮಾಡಿ, ಆ ಹುಡುಗ ಇನ್ನೂ ಇದಾನಾ ಎಂದು ಕೇಳಿದ್ದರಂತೆ. ಇದಾನೆ ಅಂದರಂತೆ ಇವರು.

"ನನ್ನಿಂದ ನಿಮಗೆ..." ಎಂದು ಶುರುಮಾಡಿದೆ.

"ಸಾಕು." ಕಿತ್ತಳೆಯ ಅರ್ಧ ಭಾಗವನ್ನು ನನ್ನ ಕೈಗಿಟ್ಟರು. ಸ್ವಲ್ಪ ಹೊತ್ತು ಇಬ್ಬರೂ ತಿಂದೆವು. ಆಮೇಲೆ ಕೆಮ್ಮಿ, ಬಾಗಿಲ ಕಡೆ ನೋಡಿ, ಯಾರೂ ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಕೇಳಿದರು:

"ಆ ಭದ್ರಾವತಿಯವರು ಚೌಕಾಸಿ ಮಾಡ್ತಿದ್ರಲ್ಲ, ಕನ್ನಡಕ ಹಣೆ ಮೇಲೆ ಏರಿಸ್ಕೊಂಡು? ಅದನ್ನ ಒಂದ್ಸಲ ಮಾಡು ನೋಡಣ."